ಹರಿಗೋಲಿನ ಮುಂದೆ ನಡೆದವರು

ಟೇಲರ್ ಕಾಕಾ ಹೊಲಿಗೆ ಮಷೀನು ತುಳಿಯುತ್ತಿದ್ದುದು ಬಲಗಾಲಿನಿಂದ ಮಾತ್ರ. ಎಡಗಾಲು ಮೊಣಕಾಲಿನ ಕೆಳಗೆ ಒಳಕ್ಕೆ ತಿರುಗಿಕೊಂಡಿತ್ತು. ಅದನ್ನು ಸ್ಟೂಲಿನ ಕೆಳಗೆ ಮಡಚಿಟ್ಟು, ಒಂದೇ ಕಾಲಿನಿಂದ ಎರಡು ಕಾಲಿನ ಕೆಲಸ ತೆಗೆಯುತ್ತಿದ್ದರು. ಆ ಬಲಗಾಲಿನ ಮೀನಖಂಡ ಪೈಲ್ವಾನನ ತೋಳಿನ ಹಾಗೆ ಉಬ್ಬಿತ್ತು. ಬೆರಳ ಸಂದಿಯಲ್ಲಿ ಯಾವಾಗಲೂ ಚಾಕ್‌ಪೀಸಿನ ಪುಡಿ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ, ನಮ್ಮ ಮನೆಯ ಎದುರಿಗೇ ಅವರ ಅಂಗಡಿ. ರಕ್ತಸಂಬಂಧವೇನೂ ಇಲ್ಲ, ಗಲ್ಲಿಯ ಹುಡುಗರಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು.

ಹೇಳಿದ ಹೊತ್ತಿಗೆ ಬಟ್ಟೆ ಕೊಟ್ಟ ಮನುಷ್ಯರಲ್ಲ. ದಸರೆಗೆಂದು ಕೊಟ್ಟ ನನ್ನ ಅಂಗಿ ದೀಪಾವಳಿಗೆ ಬಂತು, ಅದೂ ತೋಳು ಗಿಡ್ಡ. ಜಗಳಕ್ಕೆ ಹೋದರೆ, "ಅಂಗಿ ಸಣ್ಣದಾಗಿಲ್ಲಲೇ, ನೀ ಬೆಳದೀದಿ. ಖುಷಿ ಪಡು," ಎಂದು ಬೆನ್ನು ತಟ್ಟಿ ಕಳಿಸಿದರು. ಆದರೆ ಹೊಳೆಯ ಮಾತು ಬಂದರೆ ಆಸಾಮಿಯೇ ಬೇರೆ. ದೇವದುರ್ಗ ತಾಲೂಕಿನ ಕೃಷ್ಣಾ ದಂಡೆಯ ಹಳ್ಳಿ ಅವರದು. ಹರಿಗೋಲು ಹಾಕುವ ಮನೆತನ. ಕಾಲು ಹೋದ ಮೇಲೆ ಹೊಳೆ ಬಿಟ್ಟು ರಾಯಚೂರಿಗೆ ಬಂದು ಹೊಲಿಗೆ ಕಲಿತಿದ್ದರು. ಕಾಲಿಗೆ ಏನಾಯಿತೆಂದು ಯಾರಾದರೂ ಕೇಳಿದರೆ "ಬಿದ್ದೆ" ಅನ್ನುತ್ತಿದ್ದರು, ಅಷ್ಟೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನೂ ನನ್ನ ಗೆಳೆಯನೂ ಡಿಗ್ರಿ ಪರೀಕ್ಷೆ ಬರೆದು ಉಂಡಾಡಿಗಳಾಗಿ ತಿರುಗುತ್ತಿದ್ದೆವು. ಕಾಕಾನ ಹಳ್ಳಿಯಿಂದ ರಾಯಚೂರಿನ ಹತ್ತಿರದ ಕೃಷ್ಣಾ ಸೇತುವೆಯ ತನಕ ಹರಿಗೋಲಿನಲ್ಲಿ ಬರಬೇಕೆಂಬ ಹುಚ್ಚು ಹತ್ತಿದ್ದು ನನಗೆ. ಗೆಳೆಯನ ತಲೆ ಕೆಡಿಸಿದವನೂ ನಾನೇ. ದಾರಿ ಹೇಳಿ ಎಂದು ಕಾಕಾನ ಮುಂದೆ ಹೋಗಿ ಕುಳಿತೆವು.

ಮೊದಲು ಮನಸಾರೆ ಬೈದರು. ಆಮೇಲೆ ಯಾರದೋ ಕೋಟಿನ ಕಪ್ಪು ಬಟ್ಟೆಯನ್ನು ಕಟ್ಟೆಯ ಮೇಲೆ ಹಾಸಿ, ಚಾಕ್‌ಪೀಸಿನಿಂದ ಹೊಳೆ ಬರೆಯಲು ಶುರು ಮಾಡಿದರು. "ಇಲ್ಲಿತನಕ ತೇಲ್ರಿ. ಇಲ್ಲಿ ಇಳೀರಿ. ಇಲ್ಲಿ ಬರೇ ಕಲ್ಲು, ನೀರು ಸಂದಿನಾಗ ನುಗ್ಗತದ. ಹರಗೋಲ ಹೊತ್ಕೊಂಡು ದಂಡಿ ಹಿಡದು ನಡೀರಿ." ಹೊರಬೇಕಾದ ಕಡೆಯೆಲ್ಲ ದಪ್ಪ ಗೆರೆ. ಬರೆಯುತ್ತ ಹೋದಂತೆ ಬಟ್ಟೆಯ ತುಂಬ ದಪ್ಪ ಗೆರೆಗಳೇ ಆದವು.

"ಕಾಕಾ, ನಾವು ಹರಗೋಲದ ಮ್ಯಾಲ ಹೋಗೋದೋ, ಹರಗೋಲ ನಮ್ಮ ಮ್ಯಾಲ ಹೋಗೋದೋ?" ಎಂದ ಗೆಳೆಯ.

ಕಾಕಾ ನಗಲಿಲ್ಲ. "ನೀರಾಗ ಎಲ್ಲಾರೂ ಹುಷಾರ್ ಇರ್ತಾರಲೇ. ದಂಡಿಮ್ಯಾಲ ಮೈಮರೀತಾರ," ಎಂದರು. ಹೊರುವ ರೀತಿಯನ್ನೂ ಹೇಳಿಕೊಟ್ಟರು. ಹರಿಗೋಲನ್ನು ಬೋರಲು ಹಾಕಿ ತಲೆ, ಬೆನ್ನಿನ ಮೇಲೆ ಹೊತ್ತವನಿಗೆ ತನ್ನ ಪಾದ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೆ ಮುಂದೊಬ್ಬ ನಡೆಯಬೇಕು, ನೆಲ ಹೇಗಿದೆಯೆಂದು ಕೂಗಿ ಹೇಳುತ್ತ. "ಮುಂದ ನಡಿಯಾವ ಹಾಡು ಹಾಡ್ಲಿ, ಬೈಲಿ, ಏನರ ಮಾಡ್ಲಿ. ದನಿ ಮಾತ್ರ ನಿಂದ್ರಬಾರದು."

ಎಲ್ಲಕ್ಕಿಂತ ಉದ್ದದ ಗೆರೆ ಎಳೆದದ್ದು ಒಂದು ಹಾಸುಬಂಡೆಯ ಪಕ್ಕದಲ್ಲಿ. ಅದರ ಬಗ್ಗೆ ಏನೂ ಹೇಳಲಿಲ್ಲ. ಸಂಜೆ ಕೋಟಿನ ಯಜಮಾನ ಬಂದು, ತನ್ನ ಬಟ್ಟೆಯ ಮೇಲೆ ಹರಿಯುತ್ತಿದ್ದ ಕೃಷ್ಣೆಯನ್ನು ಕಂಡು ರಂಪ ಮಾಡಿ ಹೋದ.

ಕಾಕಾನ ಹಳ್ಳಿಗೆ ಹೋಗಿ, ಅವರ ಸಂಬಂಧಿಕರ ಹರಿಗೋಲು ತೆಗೆದುಕೊಂಡು ಹೊರಟೆವು. ತೇಲುವಾಗ ನಾವೇ ರಾಜರು. ಹೊರುವಾಗ ಮಾತ್ರ ಕತ್ತು ಸೆಟೆದು, ಭುಜದ ಚರ್ಮ ಕಿತ್ತು, ಕಾಕಾನಿಗೆ ಬಾಯಿಗೆ ಬಂದಂತೆ ಶಾಪ ಹಾಕಿದೆವು. ಹಾಗೆ ಬೈಯುತ್ತಲೇ ಆ ದೊಡ್ಡ ಹಾಸುಬಂಡೆಯ ಹತ್ತಿರ ಬಂದರೆ, ಜಾಲಿ ಗಿಡದ ನೆರಳಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಕಾಕಾ ಕುಳಿತಿದ್ದಾರೆ! ದೇವದುರ್ಗದ ತನಕ ಬಸ್ಸು, ಅಲ್ಲಿಂದ ಯಾರದೋ ಬಂಡಿ.

"ಅಂಗಡಿ ಬಾಗ್ಲ ಹಾಕಿ ಬಂದೀನಿ. ನೀವಿಬ್ರೂ ಹೊರ್ರಿ. ಮುಂದ ನಾ ನಡೀತೀನಿ."

"ಈ ಕಾಲಾಗ?" ಎಂದೆ.

"ನಾ ಕೂಗೋದು ಬಾಯಿಲೆ, ಕಾಲಿಲೆ ಅಲ್ಲ."

ಇಬ್ಬರೂ ಹರಿಗೋಲಿನೊಳಗೆ ತಲೆ ಕೊಟ್ಟೆವು. ತಳಕ್ಕೆ ಬಳಿದ ಡಾಂಬರಿನ ವಾಸನೆ, ಕತ್ತಲೆ. ನಮ್ಮ ಪಾದ ಬಿಟ್ಟರೆ ಅಂಚಿನ ಕೆಳಗೆ ಕಾಣುತ್ತಿದ್ದುದು ಹತ್ತಿರದಲ್ಲೇ ನಡೆಯುತ್ತಿದ್ದ ಕಾಕಾನ ಹಿಮ್ಮಡಿಗಳು ಮಾತ್ರ. ಒಂದು ಊರುತ್ತಿತ್ತು, ಒಂದು ಎಳೆಯುತ್ತಿತ್ತು. "ಎಡಕ್ಕ ಬರ್ರಿ. ತಗ್ಗು ಅದ. ಈ ಕಲ್ಲು ಅಳ್ಳಾಡತದ, ಅದನ್ನ ಬಿಟ್ಟು ಕಾಲಿಡ್ರಿ." ಅರ್ಧ ದಾರಿಯಲ್ಲಿ ದನಿ ನಿಂತಿತು. ಎತ್ತಿದ ಕಾಲನ್ನು ನಾನು ಹಾಗೇ ತಡೆದೆ.

"ಕಾಕಾ?"

"ಇಲ್ಲೇ ಅದೀನಿ. ನಿಂದರ್ರಿ." ಹಿಂದಕ್ಕೆ ತಿರುಗದೆಯೇ ಮಾತಾಡಿದರು. "ನಮ್ಮಣ್ಣ ಇಲ್ಲೇ ಬಿದ್ದ. ಅವ ಹೊತ್ತಿದ್ದ, ನಾ ಮುಂದ ಇರ್ಬೇಕಾಗಿತ್ತು. ಉಸುಕಿನಾಗ ಕಲ್ಲಂಗಡಿ ಹೊಲ ಕಾಣ್ತು. ಒಂದು ಹಣ್ಣು ಹರ್ಕೊಂಡು ಬರೋಣಂತ ಹೋದೆ. ನಾ ಮುಂದ ಅದೀನಿ ಅಂತ ತಿಳ್ಕೊಂಡು ಅವ ಹೆಜ್ಜಿ ಇಟ್ಟ, ಕಲ್ಲಿನ ಸಂದಿನಾಗ ಹೋದ. ಓಡಿ ಬಂದು ಅವನ್ನ ಹಿಡಿಯಾಕ ಹಾರಿದೆ, ಕಾಲು ಮುರೀತು. ಅವ ಉಳೀಲಿಲ್ಲ."

ಅವರ ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

"ಬರ್ರಿ. ಬಲಕ್ಕ, ಪಾಚಿ ಅದ," ಎಂದರು. ಅಲ್ಲಿಂದ ಬಂಡೆ ಮುಗಿಯುವ ತನಕ ಆ ದನಿ ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಗಂಟಲು ಕಟ್ಟಿ ಪಿಸುಗುಡುತ್ತಿದ್ದರು. ಹರಿಗೋಲು ನೀರಿಗೆ ಇಳಿದ ಮೇಲೆ ನಮ್ಮಿಬ್ಬರ ತಲೆಯನ್ನೂ ಮುಟ್ಟಿ ನೋಡಿ, ಬಂದ ದಾರಿ ಹಿಡಿದು ಹೋದರು.

ನಾವು ಸೇತುವೆ ಮುಟ್ಟಿ, ಗಲ್ಲಿಯ ತುಂಬ ಜಂಬ ಕೊಚ್ಚಿಕೊಂಡು ತಿರುಗುವಷ್ಟರಲ್ಲಿ ಕಾಕಾನ ಬಲಮೊಣಕಾಲು ಬಾತುಹೋಗಿತ್ತು. ಹೋಗುವಾಗ, ಬರುವಾಗ, ಕಲ್ಲಿನ ಮೇಲೆ ಇಡೀ ಮೈಭಾರವನ್ನು ಆ ಒಂದೇ ಕಾಲು ಹೊತ್ತಿತ್ತು. ಎಣ್ಣೆ, ಸೊಪ್ಪು, ದವಾಖಾನೆ ಎಲ್ಲ ಆಯಿತು. ಮತ್ತೆ ಅವರು ಮಷೀನು ತುಳಿಯಲಿಲ್ಲ. ನನ್ನ ಮೋಜಿಗೆ ಆ ಕಾಲು ಹೋಯಿತಲ್ಲ ಎಂದು ನನಗೆ ಅನ್ನ ಸೇರದಾಯಿತು.

ಮಾನ್ವಿಯಲ್ಲಿ ನೌಕರಿ ಸಿಕ್ಕಿ ಹೋದ ಮೇಲೂ ಹಬ್ಬಕ್ಕೆ ಬಂದಾಗಲೆಲ್ಲ ಅವರನ್ನು ನೋಡುತ್ತಿದ್ದೆ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಗುಂಡಿ ಹಚ್ಚುತ್ತಿರುತ್ತಿದ್ದರು. ಒಂದು ಸಲ ತಡೆಯಲಾರದೆ, "ನಾವು ನಿಮಗ ದಾರಿ ಕೇಳಬಾರದಿತ್ತು ಕಾಕಾ," ಎಂದೆ. "ಹುಚ್ಚ ಅದೀ ನೀ. ನೀವು ಕೇಳಿದ್ದಿಲ್ಲಂದ್ರ ನಾ ಸಾಯೋತನಕ ಆ ಹಾಸುಬಂಡಿ ಕಡೆ ಹೋಗ್ತಿದ್ದಿಲ್ಲ," ಎಂದರು. ಮುಳುಗುವವನಿಗೆ ಹಗ್ಗ ಸಿಕ್ಕಂತೆ ಆ ಮಾತನ್ನು ಹಿಡಿದುಕೊಂಡೆ.

ಎಂಬತ್ತರ ದಶಕದ ನಡುವೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಲು ಆಗಲಿಲ್ಲ. ಕೆಲವು ದಿನ ಬಿಟ್ಟು ಹೋದೆ. ಕಾಕು ಮಷೀನಿನ ಮುಂದೆ ಇದ್ದರು. ಆ ಬೇಸಿಗೆಯಿಂದಲೂ ಅಲ್ಲಿ ಕೂತು ಮನೆ ನಡೆಸುತ್ತಿದ್ದವರು ಅವರೇ. ನನಗೆ ಚಹಾ ಕೊಟ್ಟು ಮತ್ತೆ ಕೆಲಸಕ್ಕೆ ಕುಳಿತರು. ಏನಾದರೂ ಸಮಾಧಾನ ಹೇಳಬೇಕಲ್ಲ ಎಂದು, ಕಾಕಾ ನನಗೆ ಹೇಳಿದ ಮಾತನ್ನೇ ಅವರಿಗೆ ಹೇಳಿದೆ.

"ಖರೇ ಅದ," ಎಂದರು ಕಾಕು, ತಲೆಯೆತ್ತದೆ. "ನಿಮ್ಮನ್ನ ಆ ಹಾಸುಬಂಡಿ ದಾಟಿಸಿ ಬಂದ ದಿನ ಮಲಗಿದವರು ಬೆಳಗಾದರೂ ಏಳಲಿಲ್ಲ. ಲಗ್ನ ಆದಾಗಿಂದ ಅಂಥಾ ನಿದ್ದಿ ನಾ ನೋಡಿದ್ದಿಲ್ಲ." ಹಲ್ಲಿನಿಂದ ದಾರ ಕಡಿದರು. "ಅವರಿಗೆ ನಿದ್ದಿ ಬಂತು, ತಮ್ಮಾ. ನನಗ ಮಷೀನ್ ಬಂತು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಲೆ ತಗ್ಗಿಸಿ ಬೈಸಿಕೊಂಡು ಬರುತ್ತಿದ್ದೆ. ಬಾತ ಪಾದಗಳನ್ನು ಪೆಡಲ್ ಮೇಲಿಟ್ಟು ಅವರು ತುಳಿಯುತ್ತಲೇ ಇದ್ದರು. ಅತ್ತ ನೋಡಲಾರದೆ, ಆರಿದ ಚಹಾ ನೋಡುತ್ತ ಕುಳಿತೆ.