ಏಡಿಯ ಹದಿನೆಂಟು ನಿಮಿಷ

ಗ್ಲೆನಿಸ್ ಪ್ಯಾಸ್ಕೊಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಚಹಾ ಕುಡಿಯುತ್ತಾಳೆ. ಬೋವೆನ್ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಹಾಗಾಗಿ ಜೂನ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅವಳು ಹಾಯಿದೋಣಿ ಕ್ಲಬ್ಬಿನ ಬೋರ್ಡಿನ ಮುಂದೆ ನಿಂತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಾಗ, ಆ ಬೋರ್ಡು ಬರೆದ ಮರ್ವ್ ಎರಡು ಹೆಜ್ಜೆ ಹಿಂದೆ ಸರಿದ.

ಬೋರ್ಡಿನ ಮೇಲೆ ಹನ್ನೊಂದು ದೋಣಿಗಳ ಹೆಸರಿತ್ತು. ಪ್ರತಿ ಹೆಸರಿನ ಮುಂದೆ ಅದು ಹೊರಡುವ ಸಮಯ. ಆ ಊರಿಗೆ ಜೂನ್ ಅಂದರೆ ಚಳಿಗಾಲ; ಚಳಿಗಾಲದ ಪಂದ್ಯದ ಕ್ರಮವೇ ಹಾಗೆ. ನಿಧಾನದ ದೋಣಿ ಮೊದಲು ಹೊರಡಬೇಕು, ಜೋರಿನದು ಕೊನೆಗೆ. ಎದುರಿನ ದ್ವೀಪ ಸುತ್ತಿ ಯಾರು ಮೊದಲು ಬರುತ್ತಾರೋ ಅವರು ಗೆದ್ದ ಹಾಗೆ. ಗೆದ್ದವರು ಮುಂದಿನ ವಾರ ಒಂದು ನಿಮಿಷ ತಡವಾಗಿ ಹೊರಡಬೇಕು. ಐದನೆಯವರಿಗಿಂತ ಹಿಂದೆ ಬಿದ್ದವರು ಒಂದು ನಿಮಿಷ ಬೇಗ ಹೊರಡಬಹುದು. ಅಲ್ಲಿ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನು ಎಷ್ಟು ತಡವಾಗಿ ಹೊರಡುತ್ತಾನೆ ಅನ್ನುವುದರಿಂದ.

ಗ್ಲೆನಿಸ್ ಮತ್ತು ಅವಳ ಗಂಡ ಡೆಸ್‌ನ ದೋಣಿಯ ಹೆಸರು 'ಏಡಿ'. ಏಡಿಯ ಸಮಯ ಹತ್ತು ಗಂಟೆ ಇಪ್ಪತ್ನಾಲ್ಕು ನಿಮಿಷ. ಅಲ್ಲಿಗೆ ಮುಟ್ಟಲು ಮೂವತ್ತು ಚಳಿಗಾಲ ಹಿಡಿದಿತ್ತು. ಈಗ ಬೋರ್ಡಿನ ಮೇಲೆ ಹತ್ತು ಗಂಟೆ ಆರು ನಿಮಿಷ ಅಂತ ಇತ್ತು.

"ಇದೇನು ಮರ್ವ್?"

"ಟೈಮು."

"ಟೈಮು ಅಂತ ನಂಗೂ ಕಾಣುತ್ತೆ. ಯಾರ ಟೈಮು?"

"ನಿಂದೇ ಗ್ಲೆನ್. ಈಗ ಡೆಸ್ ಇಲ್ವಲ್ಲ. ನಾವೆಲ್ಲ ಕೂತು ಮಾತಾಡ್ಕೊಂಡ್ವಿ. ಪಾಪ, ಸ್ವಲ್ಪ ಬೇಗ ಹೊರಡ್ಲಿ ಅಂತ."

"ಹದಿನೆಂಟು ನಿಮಿಷ ನಿಂಗೆ ಸ್ವಲ್ಪಾನಾ?"

"ಪ್ರೀತಿಯಿಂದ ಕೊಟ್ಟಿದ್ದು ಕಣೇ."

"ಅಳಿಸು."

"ಬರೆದಾಗಿದೆ. ಎಲ್ಲರೂ ಸೇರಿ ಮಾಡಿದ ತೀರ್ಮಾನ. ನಾನೊಬ್ಬ ಅಳಿಸೋಕಾಗಲ್ಲ."

ಗ್ಲೆನಿಸ್ ಮುಚ್ಚಳಕ್ಕೆ ಚಹಾ ಬಗ್ಗಿಸಿದಳು. ನಿಂತುಕೊಂಡೇ ಪೂರ್ತಿ ಕುಡಿದಳು. ಮುಚ್ಚಳ ಕೊಡವಿ, ದೋಣಿಯ ಕಡೆ ಹೋದಳು.

ಅವಳಪ್ಪ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಹದಿನೈದಕ್ಕೇ ಶಾಲೆ ಬಿಟ್ಟು ಅವಳು ಟೊಮೇಟೊ ವಿಂಗಡಿಸುವ ಶೆಡ್ಡಿಗೆ ಸೇರಿದಳು. ಓಡುವ ಬೆಲ್ಟಿನ ಮೇಲೆ ಟೊಮೇಟೊ ಬರುತ್ತಲೇ ಇರುತ್ತಿತ್ತು. ಕಾಯಿ, ದೋರೆ, ಅರೆಹಣ್ಣು, ಹಣ್ಣು. ನೋಡಿದ ತಕ್ಷಣ ಕೈ ಹೋಗಬೇಕು. ಯೋಚಿಸುತ್ತ ಕೂತರೆ ಬೆಲ್ಟು ಕಾಯುವುದಿಲ್ಲ. ಮೂವತ್ತೊಂದು ವರ್ಷ ಅದನ್ನೇ ಮಾಡಿದಳು. ನಿನಗೂ ನನಗೂ ಹಸಿರು ಅಂದರೆ ಒಂದೇ ಹಸಿರು. ಅವಳಿಗೆ ಅದರಲ್ಲಿ ಹತ್ತು ಬಗೆ.

ಡೆಸ್ ಆ ಬೆಲ್ಟು ರಿಪೇರಿಗೆ ಬಂದವನು. ಯಂತ್ರದಡಿ ಮಲಗಿ, "ಯಾರಾದ್ರೂ ಸ್ವಿಚ್ ಆಫ್ ಮಾಡ್ರಪ್ಪಾ" ಅಂದ. "ಆಫ್ ಮಾಡದೇ ಕೈ ಹಾಕಿದ ಬುದ್ಧಿವಂತ ಯಾರು?" ಅಂದಳು ಗ್ಲೆನಿಸ್. ಅದೇ ವರ್ಷ ಮದುವೆ ಆಯಿತು.

ಹಿತ್ತಲ ಮಾವಿನ ಮರದಡಿ ಪ್ಲೈವುಡ್ಡಿನಲ್ಲಿ ಅವನು ದೋಣಿ ಕಟ್ಟಿದ. ಎರಡು ವರ್ಷ ಹಿಡಿಯಿತು. ಹಣ್ಣು ಬಿದ್ದು ಬಿದ್ದು ಮೂರು ಸಲ ಬಣ್ಣ ಬಳಿದ. ನೀರಿಗಿಳಿಸಿದ ದಿನ ದೋಣಿ ಮುಂದೆ ಹೋಗುವ ಬದಲು ಅಡ್ಡಡ್ಡ ಹೋಯಿತು. ದಡದಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಹೆಸರು ಹುಡುಕುವ ಕಷ್ಟ ತಪ್ಪಿತು.

ಮನೆಯಲ್ಲಿ ಉಪ್ಪು ಬೇಕಾದರೂ ಬಾಯಿಬಿಟ್ಟು ಕೇಳದ ಗಂಡಸು ಡೆಸ್. ದೋಣಿ ಹತ್ತಿದರೆ ಮೈಮೇಲೆ ಬಂದವನ ಹಾಗೆ. "ಎಳಿ! ಬಿಡು! ಎಳಿ ಅಂದ್ನಲ್ಲ!" ಇನ್ನೊಂದು ದಡಕ್ಕೂ ಕೇಳಿಸುತ್ತಿತ್ತು. ಗ್ಲೆನಿಸ್ ಹಗ್ಗ ಎಳೆಯುತ್ತಿದ್ದಳು, ಬಿಡುತ್ತಿದ್ದಳು. "ದೇವರು ನಂಗೆ ಎರಡೇ ಕೈ ಕೊಟ್ಟಿದ್ದು ಡೆಸ್" ಅನ್ನುತ್ತಿದ್ದಳು. ಹೀಗೇ ಮೂವತ್ತು ಚಳಿಗಾಲ.

ಮಾರ್ಚ್‌ನಲ್ಲಿ ಡೆಸ್ ಸತ್ತ. ಹಿತ್ತಲ ಮೆಟ್ಟಿಲ ಮೇಲೆ ಬೂಟು ಕಳಚಲು ಕೂತ. ಒಂದು ಕಳಚಿದ. ಇನ್ನೊಂದನ್ನು ಗ್ಲೆನಿಸ್ ಕಳಚಬೇಕಾಯಿತು.

ಜನ ಒಳ್ಳೆಯವರು. ಕೇಕು ತಂದರು, ಕುರಿಮಾಂಸದ ಸಾರು ತಂದರು, ಹುಲ್ಲು ಕತ್ತರಿಸಿಕೊಟ್ಟರು. ಎಲ್ಲ ಸರಿ. ಆದರೆ ಈ ಹದಿನೆಂಟು ನಿಮಿಷ ಅವಳಿಗೆ ಗಂಟಲಲ್ಲಿ ಮುಳ್ಳಾಯಿತು. ಗೆದ್ದು ಗೆದ್ದು ಕೂಡಿಸಿದ ನಿಮಿಷ ಅವು. ಸತ್ತವನ ಜೊತೆಗೆ ಅವನ್ನೂ ಹೂಳುವುದೇ? ಅದಕ್ಕಿಂತ ಕೆಟ್ಟ ಮಾತೊಂದು ಒಳಗೆ ಕೂತಿತ್ತು. ಅವೆಲ್ಲ ನಿಜಕ್ಕೂ ಡೆಸ್‌ನದೇ ಆಗಿದ್ದರೆ? ತಾನು ಮೂವತ್ತು ವರ್ಷ ದೋಣಿಯಲ್ಲಿ ಕೂತ ಮೂಟೆ ಅಷ್ಟೇ ಆಗಿದ್ದರೆ? ಇದನ್ನು ಅವಳು ಯಾರ ಹತ್ತಿರವೂ ಹೇಳಲಿಲ್ಲ.

ಅವತ್ತು ದೋಣಿಗೆ ಜೊತೆಯಾಗಿ ಬಂದವಳು ಡೆಸ್‌ನ ತಂಗಿ ರೇಲೀನ್. ಬೇಕರಿಯಲ್ಲಿ ಪೈ ಮಾರುವವಳು. ಮೀನು ಹಿಡಿಯಲು ಬಿಟ್ಟರೆ ದೋಣಿ ಹತ್ತಿದವಳಲ್ಲ. ಎರಡು ಸ್ವೆಟರ್, ಉಲ್ಲನ್ ಟೋಪಿ ಹಾಕಿಕೊಂಡು ಬಂದಿದ್ದಳು. ಆಚೆ ದಡದಲ್ಲಿ, ಇನ್ನೂ ಕೊರೆಯುವ ದಕ್ಷಿಣದ ಚಳಿಗೆ ಹೆದರಿ ಕಾರಿನ ಹಿಂದೆ ಕ್ಯಾರವಾನ್ ಮನೆ ಕಟ್ಟಿಕೊಂಡು ಬಂದ ಮುದುಕರು ಚಡ್ಡಿಯಲ್ಲಿ ಈಜುತ್ತಿದ್ದರು.

"ಅವರನ್ನ ನೋಡಿದ್ರೇನೆ ನಂಗೆ ನಡುಕ ಬರುತ್ತೆ" ಅಂದಳು ರೇಲೀನ್.

"ಅವರೂ ನಿನ್ನ ಟೋಪಿ ನೋಡಿ ಅದನ್ನೇ ಹೇಳ್ತಿದಾರೆ. ಈ ಹಗ್ಗ ಹಿಡ್ಕೊ."

ಹತ್ತು ಗಂಟೆಗೆ ಆಗ್ನೇಯದ ಗಾಳಿ ಸರಿಯಾಗಿ ಬೀಸತೊಡಗಿತು. ಮರ್ವ್ ಕಟ್ಟೆಯ ತುದಿಯಲ್ಲಿ ಗಡಿಯಾರ, ಹಾರ್ನ್ ಹಿಡಿದು ಕೂತಿದ್ದ. ಹತ್ತು ಆರಕ್ಕೆ ಹಾರ್ನ್ ಊದಿದ.

"ಏಡಿ! ಹೊರಡು!"

ಗ್ಲೆನಿಸ್ ಹಾಯಿ ಸಡಿಲ ಬಿಟ್ಟಳು. ಹೊರಡುವ ಗೆರೆಯ ಹಿಂದೆಯೇ ದೋಣಿ ತೊಟ್ಟಿಲ ಹಾಗೆ ತೂಗುತ್ತ ನಿಂತಿತು. ಅವಳು ಫ್ಲಾಸ್ಕು ತೆಗೆದಳು.

"ಗ್ಲೆನ್, ನಮ್ಮನ್ನೇ ಕರೀತಿದಾನೆ."

"ಕರೀಲಿ. ನಿಂಗೆ ಸಕ್ಕರೆ ಒಂದಾ ಎರಡಾ?"

"ಟೈಮ್ ಹೋಗ್ತಿದೆ ಮಾರಾಯ್ತಿ!"

"ಅದು ನಮ್ಮ ಟೈಮಲ್ಲ."

ದೋಣಿಗಳು ಒಂದೊಂದೇ ಅವರನ್ನು ದಾಟಿ ಹೋದವು. ಕೆಲವರು ಕೈ ಬೀಸಿ ಕರೆದರು. ಹಗ್ಗ ಸಿಕ್ಕಿಕೊಂಡಿದೆಯೇ ಅಂತ ಒಬ್ಬ ವಿಚಾರಿಸಿದ. ಎಲ್ಲರಿಗಿಂತ ಕೊನೆಗೆ ಹೊರಡುವವನು ಆಲ್ಡೊ. ಟೊಮೇಟೊ ತೋಟದವನು, ದೊಡ್ಡ ದೋಣಿ, ದೊಡ್ಡ ಬಾಯಿ. ತನ್ನ ಸಮಯ ಕಾಯುತ್ತ ಪಕ್ಕಕ್ಕೇ ಬಂದು ನಿಂತ.

"ಏನು ಗ್ಲೆನ್, ಗಡಿಯಾರ ನಿಂತೋಯ್ತಾ?"

"ನಿನ್ನ ಬಾಯಿ ನಿಂತ್ರೆ ಸಾಕು ಆಲ್ಡೊ."

"ಪುಕ್ಕಟೆ ಸಿಕ್ಕಿದ್ದನ್ನ ಬಿಡೋರು ಉಂಟಾ?"

"ಶೆಡ್ಡಲ್ಲಿ ನಿನ್ನ ಟೊಮೇಟೊ ಎಷ್ಟೋ ಬಿಟ್ಟಿದ್ದೀನಿ. ಕೊಳೆತದ್ದು ಅಂತ."

ಆಲ್ಡೊ ಹೊಟ್ಟೆ ಹಿಡಿದುಕೊಂಡು ನಕ್ಕ.

ಹತ್ತು ಇಪ್ಪತ್ನಾಲ್ಕಕ್ಕೆ ಸರಿಯಾಗಿ ಏಡಿ ಗೆರೆ ದಾಟಿತು. ಹಾರ್ನ್ ಆಗಲಿಲ್ಲ. ಮರ್ವ್‌ನ ಪಟ್ಟಿಯಲ್ಲಿ ಆ ಹೊತ್ತಿಗೆ ಹೊರಡುವವರು ಯಾರೂ ಇರಲಿಲ್ಲ.

ಗ್ಲೆನಿಸ್ ಡೆಸ್ ಕೂರುತ್ತಿದ್ದ ಜಾಗದಲ್ಲೇ ಕೂತಿದ್ದಳು. ಚುಕ್ಕಾಣಿಯ ಹಿಡಿ ಅವನ ಅಂಗೈಯಿಂದಲೇ ಸವೆದು ನುಣುಪಾಗಿತ್ತು. ದೋಣಿ ಹೋಗುತ್ತಿತ್ತು, ಆದರೆ ಎಳೆದ ಹಾಗೆ ಹೋಗುತ್ತಿತ್ತು. ಹಾಯಿ ಒಂದು ಸಲ ಬಿಗಿ, ಒಂದು ಸಲ ಸಡಿಲ. ದ್ವೀಪದ ತುದಿಗೆ ಬರುವ ಹೊತ್ತಿಗೆ ಆಲ್ಡೊ ಹಿಂದಿನಿಂದ ಬಂದು ದಾಟಿಯೂ ಬಿಟ್ಟ. ಏನೋ ತಪ್ಪಿದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಏನು ಅಂತ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹೊಳೆಯಿತು. ಯಾರೂ ಬಯ್ಯುತ್ತಿಲ್ಲ.

"ಎಳಿ!" ಅಂದಳು. ರೇಲೀನ್ ಬೆಚ್ಚಿಬಿದ್ದಳು.

"ಎಳಿ ಅಂದ್ನಲ್ಲ! ಎಳಿ! ಬಿಡು! ಬಿಡೇ!"

"ಅಯ್ಯೋ, ಥೇಟ್ ನಮ್ಮಣ್ಣ!" ಅಂತ ರೇಲೀನ್ ಹಗ್ಗ ಹಿಡಿದೇ ನಗತೊಡಗಿದಳು. ಗ್ಲೆನಿಸ್‌ಗೂ ತಡೆಯಲಾಗಲಿಲ್ಲ. ಇಬ್ಬರ ಕಣ್ಣಲ್ಲೂ ನೀರು ಬಂತು. ಅಷ್ಟು ಹೊತ್ತಿಗೆ ಏಡಿ ಬುಸುಗುಟ್ಟುತ್ತ ಎರಡು ದೋಣಿಗಳನ್ನು ಹಿಂದೆ ಹಾಕಿತ್ತು. ಆದರೂ ಎಂಟು ದೋಣಿ ಇನ್ನೂ ಮುಂದಿದ್ದವು.

ದ್ವೀಪದ ಬೆನ್ನಿಗೆ ಒಂದು ಮರಳ ದಿಬ್ಬ ಇದೆ. ಕಡಲು ಉಬ್ಬರವಿದ್ದ ಹೊತ್ತಿನಲ್ಲಿ ಅದರ ಮೇಲೆ ಸೊಂಟದಷ್ಟು ನೀರು. ತಳ ಆಳವಾದ ದೋಣಿಗಳು ಅದನ್ನು ಬಳಸಿಕೊಂಡು ದೂರ ಹೋಗಬೇಕು. ಏಡಿಯಂಥ ಚಪ್ಪಟೆ ದೋಣಿ ನೇರ ದಾಟಬಹುದು, ದಾರಿ ಕಂಡರೆ. ದಾರಿ ಮರಳಿನ ಜೊತೆ ಪ್ರತಿ ವಾರ ಜಾಗ ಬದಲಿಸುತ್ತದೆ. ನೀರಿನ ಬಣ್ಣ ನೋಡಿಯೇ ತಿಳಿಯಬೇಕು.

ಗ್ಲೆನಿಸ್ ಹಿಂದೆ ಕೂತು ಕತ್ತು ಚಾಚಿದಳು. ಹಾಯಿ ಅಡ್ಡ. ಏನೂ ಕಾಣಲಿಲ್ಲ.

"ರೇಲೀನ್, ಮುಂದೆ ಹೋಗಿ ನೋಡು. ನೀರು ಯಾವ ಬಣ್ಣ?"

"ಹಸಿರು."

"ಎಂಥ ಹಸಿರು?"

"ಹಸಿರು ಹಸಿರು! ನೀರಿನ ಹಸಿರು!"

ಮೂವತ್ತು ಚಳಿಗಾಲ ಈ ಜಾಗದಲ್ಲಿ ದೋಣಿಯ ಮೂತಿಗೆ ನಿಂತು ನೋಡುತ್ತಿದ್ದವಳು ಗ್ಲೆನಿಸ್. ಕೂಗುತ್ತಿದ್ದವಳೂ ಅವಳೇ. ಇಲ್ಲಿ ಮಾತ್ರ ಡೆಸ್ ತುಟಿ ಎರಡು ಮಾಡದೆ ಅವಳು ಹೇಳಿದ ಕಡೆ ತಿರುಗಿಸುತ್ತಿದ್ದ.

"ಬಾ ಇಲ್ಲಿ. ಚುಕ್ಕಾಣಿ ಹಿಡಿ."

"ನಾನಾ? ನಂಗೆ ಸೈಕಲ್ಲೂ ಬರಲ್ಲ!"

"ಬ್ರೆಡ್ಡು ಹೊರಗೆ ತೆಗೆಯೋಕೆ ಒಲೆಗೆ ಕೋಲು ಹಾಕಲ್ವಾ? ಹಾಗೇ ಹಿಡ್ಕೊ. ನಾನು ಹೇಳಿದ ಕಡೆ ತಳ್ಳು."

ಗ್ಲೆನಿಸ್ ಮುಂದೆ ಹೋಗಿ ಹಾಯಿಕಂಬ ಹಿಡಿದು ನಿಂತಳು. ನೀರು ಬೆಲ್ಟಿನ ಹಾಗೆ ಅವಳ ಕಡೆ ಬರತೊಡಗಿತು. ಕಾಯಿ, ದೋರೆ, ದೋರೆ, ಅರೆಹಣ್ಣು. ಯೋಚಿಸಬೇಕಾಗಿರಲಿಲ್ಲ. "ಎಡಕ್ಕೆ! ಇನ್ನೂ ಎಡಕ್ಕೆ! ಸಾಕು. ಬಲಕ್ಕೆ ಚೂರು!" ಏಡಿ ಮರಳಿನ ಮೇಲೆ ಬಟ್ಟೆ ಎಳೆದ ಹಾಗೆ ಜಾರಿತು. ದೂರದಲ್ಲಿ ಬಳಸು ದಾರಿಯಲ್ಲಿ ಆಲ್ಡೊನ ಹಾಯಿ ಕಂಡಿತು, ಅವರಿಗಿಂತ ಹಿಂದೆ. ಮುಂದಿದ್ದದ್ದು ಎರಡೇ ದೋಣಿ.

ಆಗ ಧಡ್ ಅಂತ ಏಡಿ ನಿಂತಿತು. ರೇಲೀನ್‌ನ ಟೋಪಿ ನೀರಿಗೆ ಹಾರಿತು.

ಗ್ಲೆನಿಸ್ ದಾರಿ ತಪ್ಪಿರಲಿಲ್ಲ. ದೋಣಿ ಅಡ್ಡ ಜಾರದ ಹಾಗೆ ತಳದಿಂದ ನೀರಿಗೆ ಇಳಿಬಿಡುವ ಅಡಿಹಲಗೆ ಇಳಿದೇ ಇತ್ತು. ದಿಬ್ಬ ಬಂದ ತಕ್ಷಣ ಅದನ್ನು ಹಗ್ಗದಿಂದ ಮೇಲೆತ್ತುವುದು ಡೆಸ್‌ನ ಕೆಲಸ. ಮೂವತ್ತು ವರ್ಷ ಅವನು ಹಿಂದೆ ಕೂತು ಸದ್ದಿಲ್ಲದೆ ಎತ್ತುತ್ತಿದ್ದ. ಅವಳು ಯಾವತ್ತೂ ತಿರುಗಿ ನೋಡಿರಲಿಲ್ಲ.

"ಅಡಿಹಲಗೆ" ಅಂದಳು. "ಮರೆತೇಬಿಟ್ಟೆ."

"ಈಗೇನು ಮಾಡೋದು?"

"ಇಳಿ. ತಳ್ಳು."

"ಮೊಸಳೆ ಗಿಸಳೆ ಇದ್ರೆ?"

"ನಮ್ಮನ್ನ ತಿನ್ನೋಕೆ ಅದಕ್ಕೆ ಹಲ್ಲು ಗಟ್ಟಿ ಇರಬೇಕು. ಇಳಿಯೇ!"

ಅಡಿಹಲಗೆ ಎತ್ತಿ ಇಬ್ಬರೂ ನೀರಿಗಿಳಿದರು. ನೀರು ಬೆಚ್ಚಗಿತ್ತು. ಮರಳಲ್ಲಿ ಹುದುಗಿರುವ ತೊರಕೆ ಮೀನು ಬಾಲದ ಮುಳ್ಳಿನಿಂದ ಕುಟುಕದ ಹಾಗೆ ಪಾದ ಎಳೆದು ಎಳೆದು ನಡೆದು ತಳ್ಳಿದರು. ಏಡಿ ಒಂದು ಗೇಣು ಕದಲಿತು, ಮತ್ತೊಂದು ಗೇಣು. ಆಲ್ಡೊ ದೂರದಿಂದಲೇ ಗಾಳಿಯಲ್ಲಿ ಒಂದು ಮುತ್ತು ಕೊಟ್ಟು ದಾಟಿ ಹೋದ. ಇನ್ನೂ ಇಬ್ಬರು ದಾಟಿದರು. ದೋಣಿ ಬಿಡಿಸಿಕೊಂಡಾಗ ರೇಲೀನ್ ಹತ್ತಲಾಗದೆ ಹೊಟ್ಟೆಯ ಮೇಲೆ ನೇತಾಡಿದಳು. ಗ್ಲೆನಿಸ್ ಅವಳ ಸ್ವೆಟರ್ ಹಿಡಿದು ಮೂಟೆಯ ಹಾಗೆ ಒಳಗೆಳೆದಳು.

ಏಡಿ ಆರನೆಯದಾಗಿ ಬಂತು.

ಕ್ಲಬ್ಬಿನ ಮುಂದೆ ಸಾಸೇಜು ಸುಡುತ್ತಿದ್ದರು. ಆಲ್ಡೊ ತನ್ನ ಬಿಯರ್ ಹಿಡಿದೇ ಎದ್ದು ಬಂದು, "ಆ ಹಲಗೆ ಎತ್ತಿದ್ದಿದ್ರೆ ನನ್ನ ಮಾನ ಹೋಗ್ತಿತ್ತು" ಅಂದ. "ಮುಂದಿನ ವಾರ ಹೋಗುತ್ತೆ, ಇಟ್ಕೊಂಡಿರು" ಅಂದಳು ಗ್ಲೆನಿಸ್. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೇರ ಬೋರ್ಡಿನ ಹತ್ತಿರ ಹೋದಳು.

ಮರ್ವ್ ಆಗಲೇ ಒದ್ದೆಬಟ್ಟೆ ಹಿಡಿದು ನಿಂತಿದ್ದ. ಹತ್ತು ಆರು ಅಂತ ಬರೆದದ್ದನ್ನು ಒರೆಸಿದ. ಸುತ್ತ ಇದ್ದವರು ಯಾರೂ ಬೇಡ ಅನ್ನಲಿಲ್ಲ.

"ತಪ್ಪಾಯ್ತು ಗ್ಲೆನ್."

"ಅದಿರಲಿ. ನಿಯಮ ಏನು ಹೇಳುತ್ತೆ?"

"ಇಪ್ಪತ್ನಾಲ್ಕಕ್ಕೆ ಹೊರಟೆ. ಆರನೇದು ಬಂದೆ. ಒಂದು ನಿಮಿಷ ಬೇಗ. ಇಪ್ಪತ್ಮೂರು."

"ಬರಿ."

"ಇದು ಪರವಾಗಿಲ್ವಾ?"

"ಇದು ನಾನು ಸೋತಿದ್ದಕ್ಕೆ ಸಿಕ್ಕಿದ್ದು. ಬರಿ."

ಸೀಮೆಸುಣ್ಣ ಕಿರ್ ಅಂದಿತು. ಹಿಂದೆ ನಿಂತಿದ್ದ ರೇಲೀನ್ ಬಾಯಿ ತುಂಬ ಸಾಸೇಜು ಇಟ್ಟುಕೊಂಡೇ ಕೇಳಿದಳು: "ಒಂದೇ ನಿಮಿಷಾನಾ? ಅಷ್ಟೆಲ್ಲ ಕೂಗಾಡ್ತಿದ್ದ ನಮ್ಮಣ್ಣನ ಬೆಲೆ ಬರೀ ಒಂದು ನಿಮಿಷಾನಾ?"

"ಆ ಹಲಗೆ ಎತ್ತೋಕೆ ಅವನಿಗೆ ಅಷ್ಟು ಸಾಕಿತ್ತು" ಅಂದಳು ಗ್ಲೆನಿಸ್.

ಅವತ್ತು ಮನೆಗೆ ಹೋಗಿ ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಮಾರ್ಚ್‌ನಿಂದ ಅಲ್ಲಿ ಕೂತಿರಲಿಲ್ಲ. ಒದ್ದೆ ಶೂ ಎರಡನ್ನೂ ಕಳಚಿ ಬೋರಲು ಹಾಕಿದಳು. ಮರಳು ಸುರಿಯಿತು. ಆಮೇಲೆ ಡೆಸ್‌ನ ಡಬ್ಬಿಯಿಂದ ಬಣ್ಣ, ಕುಂಚ ತಂದು, ಹಿತ್ತಲಿಗೆ ತಂದು ನಿಲ್ಲಿಸಿದ್ದ ದೋಣಿಯ ಒಳಗೆ ಚುಕ್ಕಾಣಿಯ ಎದುರಿಗೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ 'ಹಲಗೆ ಎತ್ತೇ' ಅಂತ ಬರೆದಳು.

ಮುಂದಿನ ಭಾನುವಾರ ರೇಲೀನ್ ಅದನ್ನು ಓದಿ ಸೊಂಟಕ್ಕೆ ಕೈ ಇಟ್ಟಳು. "ಇದು ಯಾರಿಗೆ?"

"ಹಿಂದೆ ಕೂರೋರಿಗೆ. ಇನ್ನು ಅದು ನಿನ್ನ ಜಾಗ. ನಾನು ಮುಂದೆ ನಿಲ್ತೀನಿ."

"ಹಾಗಾದ್ರೆ ಕೂಗೋದು ಯಾರು?"

"ಇಬ್ಬರೂ."

ಹತ್ತು ಇಪ್ಪತ್ಮೂರಕ್ಕೆ ಮರ್ವ್ ಹಾರ್ನ್ ಊದಿದ. ಏಡಿ ಒಂದು ಕ್ಷಣವೂ ತಡಮಾಡಲಿಲ್ಲ.