ಆಂಜಿನಪ್ಪನವರ ಮಣ್ಣು

ಹೆಬ್ಬಗೋಡಿಯಲ್ಲಿ ಆಂಜಿನಪ್ಪನವರ ಬಾಡಿಗೆ ಮನೆ ಹಿಡಿಯಬೇಕಾದರೆ ಮೊದಲು ಅವರ ಮಣ್ಣಿನ ಕಥೆ ಕೇಳಬೇಕು. ಅವರ ಹಳೆಯ ಎಣ್ಣೆಗಾಣದ ಹಿತ್ತಿಲಿನಿಂದ ರಾಯಚೂರಿನ ಭಾಗ್ಯಶ್ರೀ ಎಂಬ ವಿಜ್ಞಾನಿ ಒಂದು ಚಮಚ ಜಿಡ್ಡು ಮಣ್ಣು ಕೊಂಡೊಯ್ದು, ಸೋಪಿನಂತೆ ಎಣ್ಣೆ ಬಿಡಿಸುವ ರಸ ತಯಾರಿಸುವ ಬ್ಯಾಕ್ಟೀರಿಯಾವನ್ನು ಅದರಲ್ಲಿ ಕಂಡುಹಿಡಿದ ದಿನದಿಂದ ಆಂಜಿನಪ್ಪನವರ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಶಾಂಪೂ ಬಾಟಲಿ ಕಂಡರೆ ಅಲ್ಲಾಡಿಸಿ ನೊರೆ ನೋಡುತ್ತಾರೆ. ಪೇಂಟಿನವನನ್ನು ತಡೆದು, "ಬಣ್ಣ ಗ್ವಾಡೆಗೆ ಸಮವಾಗಿ ಅಂಟೋದು ನಮ್ ಮಣ್ಣಿಂದ ಕಣಪ್ಪಾ" ಎನ್ನುತ್ತಾರೆ. ಹೊಸೂರು ರಸ್ತೆಯಲ್ಲಿ ಎಣ್ಣೆ ಟ್ಯಾಂಕರ್ ಹೋದರಂತೂ "ಅದರ ಒಟ್ಟೆ ತೊಳ್ಯೋರೂ ನಮ್ಮೋರೇಯ" ಎಂದು ಮೀಸೆ ತಿರುವುತ್ತಾರೆ. ಹಿತ್ತಿಲಿಗೆ ಫಿನಾಯಿಲ್ ಸುರಿಯಹೊರಟ ಹೆಂಡತಿ ಕೃಷ್ಣಮ್ಮನಿಗೆ "ಮಕ್ಕಳಿರೋ ಜಾಗ ಕಣೇ!" ಎಂದು ಗದರಿದ್ದು ಊರಿಗೆಲ್ಲ ಗೊತ್ತು. ಪ್ರತಿ ಸಂಕ್ರಾಂತಿಗೂ ಎಳ್ಳು ಬೆಲ್ಲ, ಕಬ್ಬು ಹಿಡಿದು ಭಾಗ್ಯಶ್ರೀ ಆ ರಸ ತಯಾರಿಸುವ ಕಾರ್ಖಾನೆಗೇ ಹೋಗಿ, ಬ್ಯಾಕ್ಟೀರಿಯಾ ಬೆಳೆಸುವ ಸ್ಟೀಲ್ ತೊಟ್ಟಿಗೆ ಪೂಜೆ ಮಾಡುತ್ತಾರೆ. ಈ ಸಲ ಭಾಗ್ಯಶ್ರೀ ಬಾಗಿಲಲ್ಲೇ ತಡೆದು, "ಹೊಸ ರೂಲ್ಸ್ ಬಂದೈತ್ರೀ ಕಾಕಾ, ಬರಿಗಾಲಾಗ ಒಳಗ ಬರಂಗಿಲ್ಲ, ಈ ಚಪ್ಪಲ್ ಹಾಕ್ಕೋರಿ" ಎಂದರು. ಆ ಕಾರ್ಖಾನೆ ಎದ್ದಿರುವುದು ಆಂಜಿನಪ್ಪನವರು ಮಾರಿದ ರಾಗಿ ಹೊಲದ ಮೇಲೆ. ತೊಟ್ಟಿ ನಿಂತಲ್ಲೇ ಅವರಪ್ಪ ರಾಗಿ ತೂರಿ ರಾಶಿ ಹಾಕುತ್ತಿದ್ದ ಕಣವಿತ್ತು. ತೊಟ್ಟಿಯ ಗಾಜಿನ ಕಿಂಡಿಯಲ್ಲಿ ನೊರೆ ಉಕ್ಕುತ್ತಿತ್ತು. ಅವರು ಹೊಸ್ತಿಲಾಚೆಯೇ ನಿಂತು ಅದಕ್ಕೆ ಕೈಮುಗಿದು ಹೇಳಿದರು: "ಕಣದೊಳಕ್ಕೆ ಚಪ್ಪಲಿ ಮೆಟ್ಕೊಂಡು ಎಂಗಮ್ಮಾ ಬರ್ಲಿ? ಒಳಗೆ ರಾಶಿ ಐತೆ."