ದಸ್ತಗೀರನ ತಡವಾದ ಸ್ವರ

ದಸ್ತಗೀರ, ರಾಯಬಾಗದ ಆ ಮದುವೆಯ ದಿನ ನೀನು ಕುಡಿದಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ, ಕುಡಿದಿದ್ದಾನೆ ಎಂದೆ.

ನಿನಗೆ ತಿಳಿದಿರುವುದನ್ನೂ ಇಲ್ಲಿ ಬರೆಯುತ್ತೇನೆ. ಯಾಕೆಂದರೆ ಇದನ್ನು ಉಳಿದವರೂ ಕೇಳಬೇಕಾಗಿದೆ.

ಸೈನ್ಯದ ಪಲ್ಟನ್ನಿನ ಬ್ಯಾಂಡಿನಿಂದ ನಿವೃತ್ತನಾಗಿ ಬಂದು ಹಾರೂಗೇರಿಯಲ್ಲಿ ಮದುವೆ ಬ್ಯಾಂಡ್ ಕಟ್ಟಿದವನು ನಾನು. ಶೂ ಹೊಳೆಯಬೇಕು. ಸಾಲು ನೇರವಿರಬೇಕು. ಎಡಗಾಲು ನೆಲ ಮುಟ್ಟಿದಾಗಲೇ ದೊಡ್ಡ ಡೋಲಿನ ಪೆಟ್ಟು ಬೀಳಬೇಕು. ಒಂದೇ ವಾದ್ಯವನ್ನು ಇಬ್ಬರು ಮೂವರು ಸರದಿಯಲ್ಲಿ ಊದುತ್ತಿದ್ದುದರಿಂದ, ಊದುವ ತುದಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಬಾಯಿಗಿಡಬೇಕು — ಇದೂ ನನ್ನದೇ ನಿಯಮ. ದಿಗ್ಗೇವಾಡಿಯಿಂದ ಬಂದ ನೀನು, ಗಾದಿ ಹೊಲಿಯುವವರ ಮಗ, ನಮ್ಮ ಸ್ಯಾಕ್ಸೊಫೋನ್ ವಾದಕ, ಎಲ್ಲ ನಿಯಮ ಪಾಲಿಸುತ್ತಿದ್ದೆ. ಒಂದನ್ನು ಬಿಟ್ಟು. ನಿನ್ನ ಸ್ವರ ಡೋಲಿನ ಪೆಟ್ಟಿನ ಮೇಲೆ ಬರುತ್ತಿರಲಿಲ್ಲ. ಪೆಟ್ಟು ಬಿದ್ದ ಮೇಲೆ ಒಂದಿಷ್ಟು ಖಾಲಿ ಬಿಟ್ಟು, ಆಮೇಲೆ —

"ತಡಾ ಮಾಡಬ್ಯಾಡಲೇ!"

"ತಡಾ ಅಲ್ರಿ ಮಾಸ್ತರ್, ಅಲ್ಲಿ ಜಾಗಾ ಐತ್ರಿ."

"ಜಾಗಾ? ಅದೇನ್ ಅಥಣಿ ಬಸ್ಸೇನು?"

"ಹಂಗ ಅನ್ರಿ. ಒಬ್ಬಾಂವ ಸರದ್ರ ಇನ್ನೊಬ್ಬಾಂವ ಕುಂದರತಾನ್ರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಆ ಜಾಗ ಎಲ್ಲಿದೆ ಎಂದು ಕೇಳಲೂ ಇಲ್ಲ.

ಈಗ ಕೇಳುವಂತಾಗಿದೆ. ಈಗ ನಾನಿರುವ ಚಿಕ್ಕೋಡಿಯ ಮನೆಯಲ್ಲಿ ಒಂದು ಬೆಳಿಗ್ಗೆ ನಾನು ವ್ಯಾಯಾಮ ಮಾಡುತ್ತಿದ್ದಾಗ ಮೊಮ್ಮಗಳು ನೇತ್ರಾ ಫೋನಿನಲ್ಲಿ ಒಂದು ಆಲ್ಬಂ ಹಚ್ಚಿದಳು. ಸೋಲ್ ಮತ್ತು ಜಾಜ್ ಸಂಗೀತವಂತೆ, ಆಫ್ರಿಕಾದ ಆಫ್ರೋಬೀಟ್ ತಾಳಗಳೂ ಅದರಲ್ಲಿ ಬೆರೆತಿವೆಯಂತೆ. ಅಭ್ಯಾಸದಂತೆ ನನ್ನ ಕಾಲು ಪೆಟ್ಟು ಹುಡುಕಿತು.

"ಅಜ್ಜಾ, ಹಾಡು ಒಂದ ಕಡೆ ಹೊಂಟೈತಿ, ನಿಮ್ಮ ಕಾಲು ಇನ್ನೊಂದ ಕಡೆ ಹೊಂಟಾವು!"

ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಕುತೂಹಲ. ಒಂದನೆಯ ಪೆಟ್ಟು ಎಲ್ಲಿದೆ? ಮರುದಿನದಿಂದ ಅದೂ ನನ್ನ ದಿನಚರಿಗೆ ಸೇರಿತು. ವ್ಯಾಯಾಮ, ಸ್ನಾನ, ಚಹಾ, ಆಮೇಲೆ ಒಂದೇ ಹಾಡು. ಕವಾಯತಿನಲ್ಲಿ ಸಾಲು ತಪಾಸಣೆ ಮಾಡುವವನಂತೆ ಒಂದು ದಿನ ಡ್ರಮ್ಮು ಮಾತ್ರ ಕೇಳಿದೆ, ಇನ್ನೊಂದು ದಿನ ಬೇಸ್ ಗಿಟಾರು ಮಾತ್ರ. ಆಗ ತಿಳಿಯಿತು — ಅಲ್ಲಿ ಯಾವ ವಾದ್ಯವೂ ಯಜಮಾನನಲ್ಲ. ಒಂದು ಡ್ರಮ್ಮು ಕೇಳುತ್ತದೆ, ಇನ್ನೊಂದು ಉತ್ತರಿಸುತ್ತದೆ. ಗಿಟಾರು ಕೋಳಿ ಕಾಳು ಹೆಕ್ಕಿದ ಹಾಗೆ ಚುರುಕಾಗಿ ಕುಟುಕುತ್ತಿರುತ್ತದೆ. ಇನ್ನು ಬೇಸರವಾಗಬೇಕು ಎನ್ನುವಷ್ಟರಲ್ಲಿ ಹಿತ್ತಾಳೆ ವಾದ್ಯಗಳು ಬೀಗರ ಜೀಪಿನಿಂದ ಇಳಿದವರಂತೆ ನಗುತ್ತ ಒಟ್ಟಿಗೇ ನುಗ್ಗುತ್ತವೆ. ಹಾಡುವ ಹೆಂಗಸಿನ ಇಂಗ್ಲಿಷು ನನಗೆ ಅರೆಬರೆ ತಿಳಿಯುತ್ತದೆ. ಆದರೆ ಆ ದನಿ — ಬಿದ್ದ ಮಗುವಿನ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದ ಹಾಗೆ. ಅದನ್ನು ಕೇಳಿದ ದಿನ ಮೆಟ್ಟಿಲು ಹತ್ತುವಾಗ ಮೊಣಕಾಲಿನ ನೋವಿನ ನೆನಪೇ ಆಗುವುದಿಲ್ಲ.

ನಡುವಿನ ಒಂದು ಹಾಡಿನಲ್ಲಿ ಸ್ಯಾಕ್ಸೊಫೋನ್ ಬರುತ್ತದೆ. ಪೆಟ್ಟು ಬೀಳುತ್ತದೆ. ಅದು ಕಾಯುತ್ತದೆ. ಕಾದು, ಖಾಲಿ ಬಿಟ್ಟು, ಆಮೇಲೆ — ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಜಾಗ ಇತ್ತು. ನಿಜವಾಗಿಯೂ ಅಲ್ಲಿ ಜಾಗ ಇತ್ತು, ದಸ್ತಗೀರ.

ಹಾಗಾದರೆ ರಾಯಬಾಗದಲ್ಲಿ ಆದದ್ದೇನು? ಕಬ್ಬಿನ ದೊಡ್ಡ ರೈತರ ಮನೆಯ ವರಾತ, ವರನ ಮೆರವಣಿಗೆ. ವರ ಕುದುರೆಯ ಮೇಲಿದ್ದ, ನೀನು ನಿನ್ನ ತಡವಾದ ಸ್ವರ ಊದುತ್ತಿದ್ದೆ. ಮೊದಲು ಡೋಲಿನ ಮಾರುತಿ ತಾಳ ತೋರಿಸುವ ನನ್ನ ಕೋಲು ನೋಡುವುದನ್ನು ಬಿಟ್ಟು ನಿನ್ನ ಕಡೆ ತಿರುಗಿದ. ಆಮೇಲೆ ಕ್ಲಾರಿನೆಟ್ಟಿನವರು. ಸೆರಗು ಬಿಗಿದು ಮುದುಕಿಯರೂ ಕುಣಿಯತೊಡಗಿದರು. ವರಾತ ಮುಂದೆ ಸರಿಯದೆ ನಿಂತಿತು. ನನ್ನ ಕೋಲು ಗಾಳಿಯಲ್ಲಿ ಒಂದೇ ಆಡುತ್ತಿತ್ತು, ಅದನ್ನು ಯಾರೂ —

ವರನ ಸೋದರಮಾವ ನನ್ನ ಹತ್ತಿರ ಬಂದ. "ಏನ್ರಿ ಮಾಸ್ತರ್, ಅಕ್ಕಿಕಾಳ ಬೀಳೂ ಮುಹೂರ್ತದ ಹೊತ್ತಾತು. ವರಾತ ಯಾಕ ಸರೀವಲ್ದು?"

"ಜನ ಕುಣೀತಾರ್ರಿ" ಎಂದಿದ್ದರೆ ಸಾಕಿತ್ತು. ನಿನ್ನ ಕಡೆ ಬೆರಳು ಮಾಡಿ ನಾನಂದೆ: "ಅಂವ ಕುಡದಾನ್ರಿ."

ವಾದ್ಯವನ್ನು ನಿನ್ನ ಕೈಯಿಂದ ಕಿತ್ತುಕೊಂಡರು. ನಿನ್ನನ್ನು ರಸ್ತೆ ಬದಿಯ ಕಟ್ಟೆಯ ಮೇಲೆ ಕೂರಿಸಿದರು. ವರಾತ ನೇರ ಸಾಲಿನಲ್ಲಿ, ಸರಿಯಾದ ಹೆಜ್ಜೆಯಲ್ಲಿ, ಮಂಟಪಕ್ಕೆ ಹೋಯಿತು. ಮುಂದೆ ನಿಪ್ಪಾಣಿಯಿಂದ ಕಾಗವಾಡದವರೆಗೆ ಯಾವ ಬ್ಯಾಂಡಿನವರೂ ನಿನ್ನನ್ನು ಕರೆಯಲಿಲ್ಲ. ಹೆಂಡದ ಹನಿ ಮುಟ್ಟದ ಮನೆ ನಿಮ್ಮದು. ನಿಮ್ಮಪ್ಪ ನಿನ್ನೊಂದಿಗೆ ಮಾತು ಬಿಟ್ಟ. ಬಿಟ್ಟವನು ಹಾಗೆಯೇ ತೀರಿಕೊಂಡ.

ಹೋದ ವಾರ ಫೋನು ಹಿಡಿದು ನಿನ್ನ ಗಾದಿ ಅಂಗಡಿಗೆ ಬಂದೆ. ಹೇಳಿಬಿಡಬೇಕೆಂದೇ ಬಂದಿದ್ದೆ. ಮೊದಲು ಹಾಡು ಕೇಳಿಸಿದೆ. ನಿನ್ನ ಗಡ್ಡದ ತುಂಬ ಹತ್ತಿಯ ಎಳೆ. ನಿನ್ನ ಬೆರಳುಗಳು ಗಾದಿಯ ಮೇಲೆಯೇ ಸ್ವರ ಒತ್ತುತ್ತಿದ್ದವು.

"ಯಾರ್ರಿ ಇಂವಾ? ನನಗಿಂತಾ ತಡಾ ಮಾಡ್ತಾನಲ್ರಿ!" ಎಂದು ನೀನು ನಕ್ಕೆ. ನಕ್ಕು ಮುಗಿಸಿ, ನಾನು ಬಾಯಿ ತೆರೆಯುವ ಮೊದಲೇ ನೀನೇ ಅಂದೆ: "ಅವತ್ತ ನಿಮ್ದೇನೂ ತಪ್ಪಿಲ್ರಿ ಮಾಸ್ತರ್. ನಾ ಸ್ಪಿರಿಟ್ ಹಚ್ಚಿ ಒರಸಿದ್ನಲ್ರಿ, ಅದರ ವಾಸನಿ ನಿಮ್ಮ ಮೂಗಿಗೆ ಬಡದಿರಬೇಕು. ನಮ್ಮಪ್ಪಗ ಇದನ್ನ ತಿಳಿಸಿ ಹೇಳಾಕ ಆಗಲಿಲ್ಲ, ಅಷ್ಟ."

ಇಷ್ಟು ವರ್ಷ ನೀನು ನನಗಾಗಿ ಒಂದು ನೆಪವನ್ನು ಕಾಪಾಡಿಕೊಂಡು ಬಂದಿದ್ದೆ. ಅದೂ ನನ್ನದೇ ನಿಯಮದಿಂದ ಹುಟ್ಟಿದ ನೆಪ. ಮತ್ತು ನಾನು — "ಹೂಂ, ಹಂಗ ಆಗಿರಬೇಕು" ಎಂದೆ. ಚಹಾ ಕುಡಿದು ಎದ್ದು ಬಂದೆ.

ಇದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಕೀಳು.

ಬರುವ ರವಿವಾರ ಹಾರೂಗೇರಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ಬ್ಯಾಂಡಿನವರೆಲ್ಲ ಎಂದಿನಂತೆ ಸೇರುತ್ತಾರೆ. ರಾಯಬಾಗದ ಮಾತು ಹಬ್ಬಿ ನಿನ್ನ ಹೆಸರು ಕೆಟ್ಟದ್ದು ಅಲ್ಲಿಂದಲೇ. ಅಲ್ಲಿ ನಿಂತು ಇದನ್ನು ಓದುತ್ತೇನೆ. ನೀನು ಬರಬಹುದು, ಬಾರದೆಯೂ ಇರಬಹುದು. ದಿಗ್ಗೇವಾಡಿಗೂ ಹೋಗಿ ನಿಮ್ಮ ಮನೆಯವರಿಗೆ ಓದುತ್ತೇನೆ. ಕೇಳಬೇಕಾದ ನಿಮ್ಮಪ್ಪ ಅಲ್ಲಿಲ್ಲ, ಗೊತ್ತು.

ಅವತ್ತು ಸ್ಪಿರಿಟ್ಟಿನ ವಾಸನೆ ಬಂದಿರಲಿಲ್ಲ, ದಸ್ತಗೀರ. ನೀನು ನನ್ನ ಮಗ್ಗುಲಲ್ಲೇ ನಿಂತು, ಏದುಸಿರು ಬಿಡುತ್ತ, ನನ್ನ ಮುಖ ನೋಡಿ ನಗುತ್ತಿದ್ದೆ. ನಿನ್ನ ಬಾಯಿಂದ ಬರುತ್ತಿದ್ದುದು ಊಟದ ಮೇಲೆ ಅಗಿದ ಬಡೇಸೋಪಿನ ವಾಸನೆ.